ಗೋಪುರ ಕಟ್ಟುವವನು ಮೊದಲು ಕುಳಿತು ಲೆಕ್ಕ ಹಾಕಲಿ

ಕೆಲವು ತಿಂಗಳ ಹಿಂದೆ ಭಾನುವಾರದ ಬಲಿಪೂಜೆ ಮುಗಿದ ಮೇಲೆ ಭದ್ರಾವತಿಯ ಕುಟುಂಬವೊಂದು ನಮ್ಮನ್ನು ಕಾಣಲು ಬಂದಿತ್ತು. ತಂದೆ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮಗ ಸಿವಿಲ್ ಡಿಪ್ಲೊಮಾ ಮುಗಿಸಿ ಶಿವಮೊಗ್ಗದ ಗುತ್ತಿಗೆದಾರರೊಬ್ಬರ ಬಳಿ ಎರಡು ವರ್ಷ ಕೆಲಸ ಕಲಿತವನು. "ಫಾದರ್, ಮಗನಿಗೆ ದುಬೈಯಲ್ಲಿ ಕ್ವಾಂಟಿಟಿ ಸರ್ವೇಯರ್ ಕೆಲಸ ಸಿಗುವ ಹಾಗಿದೆ. ಏಜೆಂಟರು ಎರಡು ಲಕ್ಷ ಕೇಳುತ್ತಿದ್ದಾರೆ. ಮನೆಪತ್ರ ಅಡವಿಟ್ಟು ಕೊಡೋಣ ಅಂತಿದ್ದೇವೆ. ಅವನ ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿ," ಎಂದರು ತಾಯಿ. ನಾವು ಹುಡುಗನತ್ತ ತಿರುಗಿ, "ಏನಪ್ಪಾ, ಆ ಕೆಲಸ ಅಂದರೇನು?" ಎಂದು ಕೇಳಿದೆವು. ಅವನು ತುಸು ತಡವರಿಸಿ, "ಮೆಟೀರಿಯಲ್ ಲೆಕ್ಕ ಇಡೋದು, ಫಾದರ್," ಎಂದ.

ಆಶೀರ್ವಾದವನ್ನೇನೋ ಮಾಡಿದೆವು. ಆದರೆ ಮನೆಪತ್ರವನ್ನು ಇನ್ನೊಂದು ವಾರ ಪೆಟ್ಟಿಗೆಯಲ್ಲಿಯೇ ಇಟ್ಟಿರಿ ಎಂದು ಕೇಳಿಕೊಂಡೆವು. ಆ ಕುಟುಂಬದೊಡನೆ ಆ ವಾರದಲ್ಲಿ ಆಡಿದ ಮಾತುಗಳನ್ನೇ ಇಂದು ನಮ್ಮ ಎಲ್ಲ ಕಥೋಲಿಕ ಕುಟುಂಬಗಳ ಮುಂದಿಡಲು ಬಯಸುತ್ತೇವೆ. ಏಕೆಂದರೆ ಇದೇ ಪ್ರಶ್ನೆಯನ್ನು ಹಿಡಿದು ಬರುವ ಮನೆಗಳು ಒಂದೆರಡಲ್ಲ.

ಪರದೇಶಕ್ಕೆ ಹೋಗುವುದೇ ತಪ್ಪೆಂದು ನಾವು ಹೇಳಲಾರೆವು. ಭದ್ರಾವತಿಯಲ್ಲಿ ನಿಂತು ಹಾಗೆ ಹೇಳುವ ಹಕ್ಕು ಯಾರಿಗೂ ಇಲ್ಲ. 1918ರಲ್ಲಿ ಮೈಸೂರು ಸಂಸ್ಥಾನವು ಇಲ್ಲಿ ಕಬ್ಬಿಣದ ಕಾರ್ಖಾನೆಗೆ ಅಡಿಪಾಯ ಹಾಕಿ, 1923ರಲ್ಲಿ ಇದ್ದಿಲಿನ ಕುಲುಮೆಯಿಂದ ಕಬ್ಬಿಣ ಹರಿಯತೊಡಗಿದಾಗ, ಆ ಬೆಂಕಿಯ ಮುಂದೆ ನಿಲ್ಲಲು ತಮಿಳುನಾಡಿನಿಂದ, ಮಲಯಾಳ ದೇಶದಿಂದ, ಕರಾವಳಿಯಿಂದ ಜನ ಬಂದರು. ಇಂದು ನಮ್ಮ ದೇವಾಲಯಗಳಲ್ಲಿ ಕನ್ನಡ, ತಮಿಳು, ಕೊಂಕಣಿ, ಮಲಯಾಳ ಮಾತನಾಡುವ ಮನೆಗಳು ಒಂದೇ ಸಾಲಿನಲ್ಲಿ ಮೊಣಕಾಲೂರುವುದಕ್ಕೆ ಅನ್ನ ಅರಸಿ ಊರುಬಿಟ್ಟ ಆ ಅಜ್ಜಂದಿರೇ ಕಾರಣ. ಅವರನ್ನು ಪೊರೆದ ಕಾರ್ಖಾನೆಗಳು ಮುಂದಿನ ಪೀಳಿಗೆಗೆ ಆಸರೆಯಾಗಿ ಉಳಿಯಲಿಲ್ಲ. ಕಾಗದದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವನ್ನು ಉಕ್ಕು ಪ್ರಾಧಿಕಾರದ ಆಡಳಿತ ಮಂಡಳಿ 2023ರ ಜನವರಿಯಲ್ಲಿ ಕೈಗೊಂಡಿತು. ಅನಂತರದ ಹೋರಾಟಗಳೂ ಭರವಸೆಗಳೂ ಏನೇ ಇರಲಿ, ಅಪ್ಪನ ಕೆಲಸ ಮಗನಿಗೆ ಎಂಬ ಹಳೆಯ ಕಾಲ ಮರಳಿ ಬರಲಿಲ್ಲ. ಅಜ್ಜ ಹೊಳೆ ದಾಟಿ ಬಂದಂತೆ ಮೊಮ್ಮಗ ಕಡಲು ದಾಟಿ ಹೊರಟಿದ್ದಾನೆ. ಇದರಲ್ಲಿ ನಾಚಿಕೆಪಡುವುದೇನೂ ಇಲ್ಲ.

ನಮ್ಮ ಆತಂಕ ಬೇರೆ. ಹೋಗುವ ಕೆಲಸ ಯಾವುದೆಂದು ತಿಳಿಯದೆ ಕೇವಲ ವೀಸಾ ನೋಡಿ ಹೊರಡುವುದು, ಅಳೆದು ಲೆಕ್ಕ ಹಾಕುವ ಕೆಲಸಕ್ಕೆ ತಮ್ಮ ಬದುಕಿನ ಲೆಕ್ಕವನ್ನೇ ಹಾಕದೆ ಹೊರಡುವುದು ನಮ್ಮನ್ನು ಚಿಂತೆಗೀಡುಮಾಡಿದೆ.

ಕ್ವಾಂಟಿಟಿ ಸರ್ವೇಯರ್ ಎಂದರೆ ಗೋದಾಮಿನಲ್ಲಿ ಸಿಮೆಂಟು ಚೀಲ ಎಣಿಸುವವನಲ್ಲ. ಕಟ್ಟಡದ ನಕ್ಷೆಯನ್ನು ಮುಂದಿಟ್ಟುಕೊಂಡು, ಅದು ನೆಲದ ಮೇಲೆ ಏಳುವ ಮೊದಲೇ ಎಷ್ಟು ಅಗೆತ, ಎಷ್ಟು ಕಾಂಕ್ರೀಟು, ಎಷ್ಟು ಕಬ್ಬಿಣ, ಎಷ್ಟು ಗಾರೆ ಎಂದು ಬಾಬು ಬಾಬಾಗಿ ಅಳೆದು ಪಟ್ಟಿ ಮಾಡುವವನು ಅವನು. ಆ ಪಟ್ಟಿಯ ಮೇಲೆಯೇ ಗುತ್ತಿಗೆದಾರರು ದರ ಬರೆಯುತ್ತಾರೆ. ಕೆಲಸ ನಡೆಯುತ್ತಿರುವಾಗ ತಿಂಗಳು ತಿಂಗಳು ಮುಗಿದ ಕೆಲಸದ ಬೆಲೆಯನ್ನು ಅವನು ನಿರ್ಧರಿಸಬೇಕು. ಮಾಲೀಕ ಮಧ್ಯದಲ್ಲಿ ನಕ್ಷೆ ಬದಲಿಸಿದರೆ ಅದಕ್ಕೆ ಎಷ್ಟು ಹೆಚ್ಚು ಕೊಡಬೇಕು, ಎಷ್ಟು ಕಡಿಮೆ ಮಾಡಬೇಕು ಎಂದು ಹೇಳಬೇಕು. ಕಟ್ಟಕಡೆಗೆ ಕಟ್ಟಿಸಿದವನಿಗೂ ಕಟ್ಟಿದವನಿಗೂ ನಡುವೆ ಅಂತಿಮ ಲೆಕ್ಕ ಮುಗಿಸಬೇಕು. ಅವನು ಕೆಲವೊಮ್ಮೆ ಮಾಲೀಕನ ಪರವಾಗಿ, ಕೆಲವೊಮ್ಮೆ ಗುತ್ತಿಗೆದಾರನ ಪರವಾಗಿ ದುಡಿಯುತ್ತಾನೆ. ಆದರೆ ಎರಡು ಕಡೆಯಲ್ಲೂ ಅವನ ಬಂಡವಾಳ ಒಂದೇ: ಅವನ ಅಳತೆಯನ್ನು ಜನ ನಂಬಬೇಕು.

ನಮ್ಮ ದೇಶದಲ್ಲಿ ಈ ವೃತ್ತಿ ಪ್ರತ್ಯೇಕವಾಗಿ ಹೆಚ್ಚು ಬೆಳೆಯಲಿಲ್ಲ. ಇಲ್ಲಿ ಲೋಕೋಪಯೋಗಿ ಇಲಾಖೆಯ ಇಂಜಿನಿಯರರೇ ಎಸ್ಟಿಮೇಟು ಮಾಡುತ್ತಾರೆ, ಎಂ.ಬಿ. ಎಂದು ನಾವು ಕರೆಯುವ ಅಳತೆ ಪುಸ್ತಕವನ್ನೂ ಅವರೇ ಬರೆಯುತ್ತಾರೆ. ಇಂಗ್ಲೆಂಡಿನ ಪದ್ಧತಿ ನೆಲೆಸಿದ ನಾಡುಗಳಲ್ಲಿ, ಎಂದರೆ ಕೊಲ್ಲಿ ರಾಷ್ಟ್ರಗಳು, ಸಿಂಗಪುರ, ಮಲೇಷ್ಯ, ಆಸ್ಟ್ರೇಲಿಯ, ನ್ಯೂಜಿಲೆಂಡ್ ಮುಂತಾದೆಡೆ, ಇದೊಂದು ಸ್ವತಂತ್ರ ವೃತ್ತಿ. 1868ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾಗಿ 1881ರಲ್ಲಿ ರಾಜಸನ್ನದು ಪಡೆದ ಸರ್ವೇಯರುಗಳ ಸಂಸ್ಥೆ ಇಂದಿಗೂ ಈ ವೃತ್ತಿಯ ಮಾನದಂಡವಾಗಿದೆ. ಅದರ ಸದಸ್ಯತ್ವ ದೊರೆತವನಿಗೆ ಅನೇಕ ದೇಶಗಳಲ್ಲಿ ಬಾಗಿಲು ತೆರೆಯುತ್ತದೆ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಈ ವೃತ್ತಿಯ ಬೆಲೆಯನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ, ನಮ್ಮದೇ ಪ್ರಮಾದದಿಂದ ಕಲಿತೆವು. ಹಿಂದೆ ನಾವು ಸೇವೆ ಸಲ್ಲಿಸುತ್ತಿದ್ದ ಧರ್ಮಕೇಂದ್ರವೊಂದರಲ್ಲಿ ಸಭಾಂಗಣ ಕಟ್ಟಲು ಹೊರಟೆವು. ಗುರುಮಠದಲ್ಲಿ ಅರಿಸ್ಟಾಟಲನ ಹತ್ತು ಪದಾರ್ಥಗಳಲ್ಲಿ ಪರಿಮಾಣವೂ ಒಂದೆಂದು ಬಾಯಿಪಾಠ ಮಾಡಿದ್ದ ನಮಗೆ ಒಂದು ಗೋಡೆಯ ಪರಿಮಾಣವನ್ನು ಅಳೆಯಲು ಬರುತ್ತಿರಲಿಲ್ಲ. ಉತ್ಸಾಹವೇ ಎಸ್ಟಿಮೇಟು ಎಂದು ಭಾವಿಸಿ ಆರಂಭಿಸಿದೆವು. ಬಂದ ಬಿಲ್ಲುಗಳಿಗೆಲ್ಲ ಓದದೆ ರುಜು ಹಾಕಿದೆವು. ನೆಲಕ್ಕೆ ಕಲ್ಲು ಹಾಸುವ ಹೊತ್ತಿಗೆ ಹಣ ಮುಗಿಯಿತು. ಎರಡು ವರ್ಷ ಆ ಸಭಾಂಗಣ ಮಣ್ಣಿನ ನೆಲದಲ್ಲಿಯೇ ನಿಂತಿತು. ಗೋಪುರವನ್ನು ಆರಂಭಿಸಿ ಮುಗಿಸಲಾರದೆ ನೋಡಿದವರ ನಗೆಗೆ ಈಡಾದವನ ಸಾಮತಿಯನ್ನು, ಸಂತ ಲೂಕರ ಶುಭಸಂದೇಶದ ಹದಿನಾಲ್ಕನೆಯ ಅಧ್ಯಾಯದ ಆ ಸಾಮತಿಯನ್ನು, ಪೀಠದಿಂದ ಓದುವಾಗ ಜನ ನಮ್ಮ ಮುಖವನ್ನೇ ನೋಡುತ್ತಿದ್ದರು.

ಆ ಸಮಯಕ್ಕೆ ಕೊಲ್ಲಿ ದೇಶದಿಂದ ರಜೆಯ ಮೇಲೆ ಬಂದಿದ್ದ ನಮ್ಮ ಧರ್ಮಕೇಂದ್ರದ ಯುವಕನೊಬ್ಬ ಟೇಪು ಹಿಡಿದು ಸಭಾಂಗಣವನ್ನು ಅಳೆದ. ಗಾರೆಯ ಬಿಲ್ಲಿನಲ್ಲಿ ಇಡೀ ಗೋಡೆಯ ಅಳತೆ ಹಾಕಿದ್ದರು, ಕಿಟಕಿ ಬಾಗಿಲುಗಳನ್ನು ಕಳೆದಿರಲಿಲ್ಲ. ಅಳತೆಯ ಭಾರತೀಯ ಮಾನಕವೊಂದಿದೆ, ಐ.ಎಸ್. 1200 ಎಂದು ಅದರ ಹೆಸರು. ಅದರ ಪ್ರಕಾರ ಅರ್ಧ ಚದರ ಮೀಟರಿಗಿಂತ ಚಿಕ್ಕ ಕಿಂಡಿಯನ್ನು ಕಳೆಯುವಂತಿಲ್ಲ. ಅರ್ಧದಿಂದ ಮೂರು ಚದರ ಮೀಟರಿನವರೆಗಿನದನ್ನು ಗೋಡೆಯ ಒಂದು ಮುಖಕ್ಕೆ ಮಾತ್ರ ಕಳೆಯಬೇಕು. ಅದಕ್ಕಿಂತ ದೊಡ್ಡದನ್ನು ಎರಡೂ ಮುಖಗಳಿಗೆ ಕಳೆದು, ಅಂಚಿನ ಗಾರೆಯನ್ನು ಸೇರಿಸಿಕೊಡಬೇಕು. ನಮ್ಮ ಸಭಾಂಗಣಕ್ಕೆ ಆರು ಅಡಿ ಐದು ಅಡಿಯ ಹನ್ನೆರಡು ಕಿಟಕಿಗಳು: ಒಂದು ಮುಖಕ್ಕೆ 360 ಚದರ ಅಡಿ. ಎಂಟು ಅಡಿ ಆರು ಅಡಿಯ ಎರಡು ಬಾಗಿಲುಗಳು: ಎರಡು ಮುಖಕ್ಕೆ 192 ಚದರ ಅಡಿ. ಒಟ್ಟು 552 ಚದರ ಅಡಿ ಇಲ್ಲದ ಗಾರೆಗೆ ನಾವು ಭಕ್ತರ ಕಾಣಿಕೆಯಿಂದ ಹಣ ತೆತ್ತಿದ್ದೆವು.

ನಮ್ಮ ಮನಸ್ಸಿನಲ್ಲಿ ಉಳಿದದ್ದು ಆ ಲೆಕ್ಕಕ್ಕಿಂತ ಅವನು ಮುಂದೆ ಮಾಡಿದ ಕೆಲಸ. "ಫಾದರ್, ದೊಡ್ಡ ಬಾಗಿಲಿನ ಅಂಚುಗಳ ಗಾರೆ ಸುಮಾರು 30 ಚದರ ಅಡಿ ಆಗುತ್ತದೆ. ಅದನ್ನು ಮೇಸ್ತ್ರಿ ಬಿಲ್ಲಿನಲ್ಲಿ ಬರೆದಿಲ್ಲ. ಅದು ಅವರಿಗೆ ಸೇರಬೇಕಾದದ್ದು," ಎಂದು ತಾನೇ ಅದನ್ನು ಕಳೆದು 522 ಎಂದು ಬರೆದ. ನಾವು ಕರೆಸಿದ ಅಳತೆಗಾರ ನಮ್ಮ ವಿರುದ್ಧವೇ 30 ಅಡಿ ಬರೆದನಲ್ಲ! ಗುತ್ತಿಗೆದಾರರೂ ಕೆಟ್ಟವರೇನಲ್ಲ, ಎಲ್ಲರೂ ಬರೆಯುವಂತೆ ಬರೆದಿದ್ದರು. ಆ ಕಾಗದವನ್ನು ನೋಡಿ ಅವರು ಮರುಮಾತಾಡದೆ ಮುಂದಿನ ಬಿಲ್ಲಿನಲ್ಲಿ ಸರಿಪಡಿಸಿದರು. ಅವರಿಗೆ ಸೇರಬೇಕಾದದ್ದನ್ನೂ ಬರೆದಿದ್ದರಿಂದಲೇ ಅವರು ಅದನ್ನು ಒಪ್ಪಿದರು.

ಇದೇ ನ್ಯಾಯ. ಒಬ್ಬನಿಗೆ ಸಲ್ಲಬೇಕಾದುದನ್ನು ಅವನಿಗೆ ಸಲ್ಲಿಸುವ ಸ್ಥಿರ ಸಂಕಲ್ಪವೇ ನ್ಯಾಯವೆಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದರು. ಆದರೆ ಸಲ್ಲಬೇಕಾದುದು ಎಷ್ಟೆಂದು ಅಳೆಯದೆ ಸಲ್ಲಿಸುವುದಾದರೂ ಹೇಗೆ? ದೇವರು ಸಮಸ್ತವನ್ನೂ ಅಳತೆ, ಎಣಿಕೆ, ತೂಕಗಳಲ್ಲಿ ಅಣಿಗೊಳಿಸಿದರೆಂದು ಜ್ಞಾನಗ್ರಂಥ ಹೇಳುತ್ತದೆ. ಒಂದೇ ಚೀಲದಲ್ಲಿ ಕೊಳ್ಳಲು ಒಂದು, ಮಾರಲು ಇನ್ನೊಂದು ತೂಕದ ಕಲ್ಲನ್ನಿಟ್ಟುಕೊಳ್ಳುವುದನ್ನು ಧರ್ಮೋಪದೇಶಕಾಂಡ ನಿಷೇಧಿಸುತ್ತದೆ. ಅರಸ ಯೋವಾಷನ ಕಾಲದಲ್ಲಿ ಜೆರುಸಲೇಮಿನ ದೇವಾಲಯ ದುರಸ್ತಿಯಾದಾಗ, ಬಡಗಿಗಳಿಗೂ ಕಲ್ಲುಕುಟಿಗರಿಗೂ ಕೂಲಿ ಹಂಚುವವರ ಕೈಗೆ ಹಣವನ್ನು ಕೊಟ್ಟು, ಅವರು ಪ್ರಾಮಾಣಿಕರಾಗಿದ್ದುದರಿಂದ ಅವರಿಂದ ಲೆಕ್ಕವನ್ನೇ ಕೇಳುತ್ತಿರಲಿಲ್ಲವೆಂದು ಅರಸುಗಳ ಎರಡನೆಯ ಗ್ರಂಥದಲ್ಲಿ ಓದುತ್ತೇವೆ. ಕಟ್ಟಡದ ಲೆಕ್ಕ ನೋಡುವವರಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಯಾವುದಿದೆ? ಆದುದರಿಂದ ಈ ವೃತ್ತಿಯನ್ನು ಹಿಡಿಯಲು ಬಯಸುವ ಮಗನನ್ನಾಗಲಿ ಮಗಳನ್ನಾಗಲಿ ಸಂತೋಷದಿಂದ ಕಳುಹಿಸಿರಿ. ಆದರೆ ಸಿದ್ಧಪಡಿಸಿ ಕಳುಹಿಸಿರಿ.

ಸಿದ್ಧತೆ ಇಲ್ಲಿಯೇ, ನಮ್ಮ ಶಿವಮೊಗ್ಗದ ಕಾಮಗಾರಿಗಳಲ್ಲಿಯೇ ಆರಂಭವಾಗಬೇಕು. 2023ರ ಫೆಬ್ರವರಿಯಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ರಸ್ತೆ, ಸೇತುವೆ, ವಸತಿ ಕಟ್ಟಡಗಳು ನಗರದ ಸುತ್ತ ಏಳುತ್ತಲೇ ಇವೆ. ಕಾಲಿಗೆ ಮಣ್ಣು ಮೆತ್ತಿಕೊಂಡು, ಬಾರ್‌ಬೆಂಡರನ ಪಕ್ಕ ಕುಳಿತು ಕಬ್ಬಿಣದ ಪಟ್ಟಿ ಬರೆದು, ಎಂ.ಬಿ. ತುಂಬಿ, ಬಿಲ್ಲು ಪಾಸಾಗುವುದನ್ನು ಎರಡು ಮೂರು ವರ್ಷ ಕಂಡವನಿಗೆ ಹೊರದೇಶದಲ್ಲಿ ಬೆಲೆ ಇದೆ. ಅಲ್ಲಿ ಅಳತೆಯ ನಿಯಮಗಳು ಬೇರೆ. ನಮ್ಮಲ್ಲಿ ಐ.ಎಸ್. 1200 ಇರುವಂತೆ ಕೊಲ್ಲಿಯಲ್ಲಿ ಬ್ರಿಟಿಷ್ ಮೂಲದ ನಿಯಮಗ್ರಂಥಗಳು ಬಳಕೆಯಲ್ಲಿವೆ, ಒಪ್ಪಂದಗಳು ಬಹುಮಟ್ಟಿಗೆ ಫಿಡಿಕ್ ಎಂಬ ಅಂತರರಾಷ್ಟ್ರೀಯ ಮಾದರಿಯಲ್ಲಿರುತ್ತವೆ. ಅದೇ ಗೋಡೆ, ಆದರೆ ಯಾವ ಕಿಂಡಿಯನ್ನು ಕಳೆಯಬೇಕು ಎಂಬ ಮಿತಿ ಬೇರೆ. ಇವನ್ನು ಹೊರಡುವ ಮುನ್ನವೇ ಓದಿಕೊಳ್ಳಬಹುದು. ಒಪ್ಪಂದದ ಇಂಗ್ಲಿಷನ್ನು ಓದಿ ಅರ್ಥಮಾಡಿಕೊಂಡು, ಸ್ಪಷ್ಟವಾಗಿ ಪತ್ರ ಬರೆಯಲು ಬರಬೇಕು. ಈ ವೃತ್ತಿಯಲ್ಲಿ ಅರ್ಧ ಲೆಕ್ಕವಾದರೆ ಉಳಿದರ್ಧ ಪತ್ರವ್ಯವಹಾರ.

ಅಲ್ಲಿಗೆ ಹೋದ ಮೇಲೂ ಸಂಬಳ ಬಂತೆಂದು ಓದು ನಿಲ್ಲಿಸಬಾರದು. ಸನ್ನದುದಾರ ಸದಸ್ಯತ್ವಕ್ಕೆ ತಾನು ಮಾಡಿದ ಕೆಲಸದ ವರದಿಯನ್ನು ಬರೆದೊಪ್ಪಿಸಿ ಹಿರಿಯರ ಮುಂದೆ ಸಂದರ್ಶನಕ್ಕೆ ಕೂರಬೇಕು. ಆ ಸಂದರ್ಶನದಲ್ಲಿ ಲೆಕ್ಕದ ಪ್ರಶ್ನೆಗಳಷ್ಟೇ ಅಲ್ಲ, ನೀತಿಯ ಪ್ರಶ್ನೆಗಳೂ ಇರುತ್ತವೆ: ಗುತ್ತಿಗೆದಾರ ಉಡುಗೊರೆ ತಂದರೆ ಏನು ಮಾಡುವೆ, ನಿನ್ನ ಬಂಧುವೇ ಟೆಂಡರು ಹಾಕಿದರೆ ಏನು ಮಾಡುವೆ ಎಂದು. ಉಳಿದೆಲ್ಲ ಸರಿಯಿದ್ದರೂ ಇಲ್ಲಿ ಎಡವಿದವನು ಅನುತ್ತೀರ್ಣನಾಗಬಹುದು. ಧರ್ಮೋಪದೇಶದ ತರಗತಿಯಲ್ಲಿ ಕಲಿತದ್ದು ಲೋಕದ ಪರೀಕ್ಷೆಗೆ ಉಪಯೋಗವಿಲ್ಲವೆನ್ನುವ ಯುವಕರು ಇದನ್ನು ಗಮನಿಸಲಿ.

ಇನ್ನು ಏಜೆಂಟರ ವಿಷಯ. 1983ರ ವಲಸೆ ಕಾಯಿದೆಯಡಿ ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿಕೊಂಡ ಏಜೆಂಟರು ಮಾತ್ರ ಹೊರದೇಶದ ಕೆಲಸಕ್ಕೆ ಜನರನ್ನು ಕಳುಹಿಸಬಹುದು. ಅವರು ಪಡೆಯಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ಎಂಬ ಮಿತಿಯಿದೆ, ರಸೀದಿಯನ್ನೂ ಕೊಡಬೇಕು. ಎರಡು ಲಕ್ಷ ಎಲ್ಲಿಂದ ಬಂತು? ಏಜೆಂಟರ ನೋಂದಣಿಯನ್ನು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಇನ್ನೊಂದು ಮಾತು: ಹತ್ತನೆಯ ತರಗತಿ ಪಾಸಾದವರ ಪಾಸ್‌ಪೋರ್ಟಿಗೆ ವಲಸೆ ತಪಾಸಣೆಯ ಅಗತ್ಯವಿರುವುದಿಲ್ಲ. ಅದನ್ನು ನಾವು ಗೌರವವೆಂದು ತಿಳಿದಿದ್ದೇವೆ, ಗೌರವವೂ ಹೌದು. ಆದರೆ ಕೂಲಿಯಾಳಿನ ಒಪ್ಪಂದವನ್ನು ಒಬ್ಬ ಅಧಿಕಾರಿಯಾದರೂ ನೋಡುತ್ತಾನೆ, ಡಿಪ್ಲೊಮಾ ಪಡೆದವನ ಒಪ್ಪಂದವನ್ನು ಅವನೇ ಓದಿಕೊಳ್ಳಬೇಕು ಎಂಬುದು ಅದರ ಇನ್ನೊಂದು ಮುಖ.

ಓದುವಾಗ ಒಟ್ಟು ಸಂಬಳವನ್ನಲ್ಲ, ಮೂಲ ಸಂಬಳವನ್ನು ನೋಡಿರಿ. ಯು.ಎ.ಇ.ಯಲ್ಲಿ ಸೇವೆ ಮುಗಿಸಿ ಮರಳುವಾಗ ಕೊಡುವ ಉಪದಾನ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಅನಂತರದ ವರ್ಷಗಳಿಗೆ 30 ದಿನಗಳ ಮೂಲ ಸಂಬಳದ ಮೇಲೆ ಲೆಕ್ಕವಾಗುತ್ತದೆ. ಮೂಲವನ್ನು ಕಡಿಮೆ ಬರೆದು ಭತ್ಯೆಯನ್ನು ಹೆಚ್ಚು ಬರೆದರೆ ನಷ್ಟ ಹತ್ತು ವರ್ಷದ ನಂತರ ಗೊತ್ತಾಗುತ್ತದೆ. ಪ್ರವಾಸಿ ವೀಸಾದ ಮೇಲೆ ಹೋಗಿ ಕೆಲಸ ಮಾಡುವ ಸಾಹಸ ಖಂಡಿತ ಬೇಡ. ಇಂಜಿನಿಯರಿಂಗ್ ಓದಲು ಕಾಲೇಜು ಆರಿಸುವವರು ಆ ಕೋರ್ಸಿಗೆ ರಾಷ್ಟ್ರೀಯ ಮಾನ್ಯತಾ ಮಂಡಳಿಯ ಮಾನ್ಯತೆ ಇದೆಯೇ ಎಂದು ಮೊದಲೇ ವಿಚಾರಿಸಲಿ. 2018ರಲ್ಲಿ ಕುವೈತ್ ಈ ಮಾನ್ಯತೆಯನ್ನು ಕೇಳತೊಡಗಿದಾಗ ವರ್ಷಗಟ್ಟಲೆ ಅಲ್ಲಿ ದುಡಿದಿದ್ದ ಅನೇಕ ಭಾರತೀಯ ಇಂಜಿನಿಯರರು ಇಕ್ಕಟ್ಟಿಗೆ ಸಿಲುಕಿದರು. ಕೊಲ್ಲಿಯ ಕಟ್ಟಡ ಉದ್ಯಮವೂ ಶಾಶ್ವತವಲ್ಲ. 2009ರಲ್ಲಿ ದುಬೈಯ ಸಾಲದ ಬಿಕ್ಕಟ್ಟಿನಿಂದ ಕಾಮಗಾರಿಗಳು ನಿಂತುಹೋದವು, 1990ರ ಆಗಸ್ಟಿನಲ್ಲಿ ಕುವೈತ್ ಮೇಲೆ ದಾಳಿ ನಡೆದಾಗ ಸುಮಾರು 1,70,000 ಭಾರತೀಯರು ಎಲ್ಲವನ್ನೂ ಬಿಟ್ಟು ವಿಮಾನ ಹತ್ತಿ ಬರಬೇಕಾಯಿತು. ಸಾಲ ಮಾಡಿ ಹೋದವನಿಗೂ ಸಾಲವಿಲ್ಲದೆ ಹೋದವನಿಗೂ ಇರುವ ಅಂತರ ಅಂಥ ದಿನಗಳಲ್ಲಿ ತಿಳಿಯುತ್ತದೆ.

ಸಾಲದ ಅಪಾಯ ಹಣದ ಅಪಾಯ ಮಾತ್ರವಲ್ಲ. ಎರಡು ಲಕ್ಷದ ಬಡ್ಡಿಯನ್ನು ಬೆನ್ನಮೇಲೆ ಹೊತ್ತವನಿಗೆ ಮೇಲಧಿಕಾರಿ ಸುಳ್ಳು ಅಳತೆ ಬರೆ ಎಂದಾಗ ಒಲ್ಲೆನೆನ್ನುವ ಧೈರ್ಯ ಉಳಿಯುವುದಿಲ್ಲ. ಪ್ರಾಮಾಣಿಕತೆಗೂ ಒಂದಿಷ್ಟು ನೆಲಗಟ್ಟು ಬೇಕು. ಕ್ವಾಂಟಿಟಿ ಸರ್ವೇಯರನ ಒಂದು ರುಜುವಿನ ಹಿಂದೆ ಎಷ್ಟೋ ಹೊಟ್ಟೆಗಳಿವೆ. ಅವನು ತಿಂಗಳ ಮೌಲ್ಯಮಾಪನವನ್ನು ಬೇಕೆಂದೇ ತಡಮಾಡಿದರೆ ಅಥವಾ ಕಡಿತಗೊಳಿಸಿದರೆ, ಅದರ ಪೆಟ್ಟು ಉಪಗುತ್ತಿಗೆದಾರನನ್ನು ದಾಟಿ ಕ್ಯಾಂಪಿನ ಕೋಣೆಯಲ್ಲಿ ಮಲಗುವ ಬಿಹಾರದ ಗಾರೆ ಕೆಲಸದವನಿಗೂ ನಮ್ಮದೇ ಮಲೆನಾಡಿನ ಸೆಂಟ್ರಿಂಗ್ ಹುಡುಗನಿಗೂ ಮುಟ್ಟುತ್ತದೆ. ತಡೆಹಿಡಿದ ಕೂಲಿಯೇ ದೇವರಿಗೆ ಮೊರೆಯಿಡುತ್ತದೆಂದು ಸಂತ ಯಕೋಬರು ಬರೆದಿದ್ದಾರೆ. ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ಅಂಕಿ ತಿದ್ದುವವನಿಗೆ ಆ ಮೊರೆ ಕೇಳಿಸಬೇಕು. ಅವನ ತಂದೆಯೂ ಒಂದು ಕಾಲದಲ್ಲಿ ಕುಲುಮೆಯ ಮುಂದೆ ನಿಂತು ಸಂಬಳದ ದಿನ ಎಣಿಸಿದವರಲ್ಲವೇ?

ಕಡೆಯದಾಗಿ, ಯಾವ ಪಟ್ಟಿಗೂ ಸೇರದ ಬಾಬುಗಳಿವೆ. ಮಗುವಿನ ಪರಮಪ್ರಸಾದ ಸ್ವೀಕಾರಕ್ಕೆ ಫೋನಿನ ಪರದೆಯಲ್ಲಿ ಹಾಜರಾಗುವ ತಂದೆ, ತಾಯಿಯ ಮಣ್ಣಿಗೆ ತಲುಪಲಾರದ ಮಗ, ಹಣ ಬಂದಷ್ಟೂ ಮಾತು ಕಡಿಮೆಯಾಗುವ ಮನೆ: ಇವುಗಳಿಗೆ ದರ ಬರೆಯುವವರು ಯಾರು? ಜಗದ್ಗುರು ಎರಡನೇ ಜಾನ್ ಪೌಲರು 1981ರ ತಮ್ಮ ‘ಲಬೋರೆಮ್ ಎಕ್ಸೆರ್ಚೆನ್ಸ್’ ಪರಿಪತ್ರದಲ್ಲಿ, ಬದುಕನ್ನು ಅರಸಿ ನಾಡು ಬಿಡುವುದು ಮನುಷ್ಯನ ಹಕ್ಕು, ಮರಳಿ ಬರುವುದೂ ಹಕ್ಕು ಎಂದು ಒಪ್ಪಿದರು. ಅದೇ ಉಸಿರಿನಲ್ಲಿ, ಬಿಟ್ಟುಹೋದ ನಾಡಿಗೆ ಅದು ನಷ್ಟವೆಂಬುದನ್ನೂ ನೆನಪಿಸಿದರು. ನಾವು ಮೊದಲನೆಯದನ್ನು ಮಾತ್ರ ಓದುತ್ತೇವೆ. ಎಷ್ಟು ವರ್ಷಕ್ಕೆ ಹೋಗುತ್ತೇವೆ, ಹೆಂಡತಿ ಮಕ್ಕಳನ್ನು ಯಾವಾಗ ಕರೆಸಿಕೊಳ್ಳುತ್ತೇವೆ, ಯಾವಾಗ ಮರಳುತ್ತೇವೆ ಎಂಬುದನ್ನು ಮನೆಯವರೆಲ್ಲ ಕುಳಿತು ಜಪಸರದ ನಂತರ ಒಂದು ಸಂಜೆ ಮಾತಾಡಿಕೊಂಡರೆ ಎಷ್ಟೋ ಕಣ್ಣೀರು ಉಳಿಯುತ್ತದೆ. ತಾಯ್ತಂದೆಯರೂ ಪಕ್ಕದ ಮನೆಯ ತಾರಸಿಯನ್ನು ನೋಡಿ ತಮ್ಮ ಮಗನನ್ನು ಅಳೆಯುವುದನ್ನು ಬಿಡಬೇಕು.

ಧರ್ಮಕೇಂದ್ರಗಳಿಗೂ ಕೆಲಸವಿದೆ. ಆಶೀರ್ವದಿಸಿ ಕಳುಹಿಸಿ, ಊರಹಬ್ಬದ ಚಂದಾಕ್ಕೆ ಮಾತ್ರ ನೆನಪಿಸಿಕೊಳ್ಳುವುದು ನಮ್ಮ ಅಭ್ಯಾಸವಾಗಿದೆ. ಅದು ಸರಿಯಲ್ಲ. ಮೇ ಒಂದರಂದು ಕಾರ್ಮಿಕರಾದ ಸಂತ ಜೋಸೆಫರ ಹಬ್ಬದಲ್ಲಿ, ಹೊರದೇಶದಲ್ಲಿ ದುಡಿದು ಮರಳಿದವರನ್ನೂ ಹೊರಡಲಿರುವ ಯುವಕ ಯುವತಿಯರನ್ನೂ ಒಂದೆಡೆ ಕೂರಿಸಿದರೆ, ಏಜೆಂಟರಿಗೆ ಲಕ್ಷ ಕೊಟ್ಟರೂ ಸಿಗದ ತಿಳಿವಳಿಕೆ ಒಂದು ಲೋಟ ಕಾಫಿಯ ಖರ್ಚಿನಲ್ಲಿ ಸಿಗುತ್ತದೆ. ಈ ವರ್ಷ ನಮ್ಮಲ್ಲಿ ಅದನ್ನು ನಡೆಸಲು ನಿಶ್ಚಯಿಸಿದ್ದೇವೆ. ಬೇರೆ ಧರ್ಮಕೇಂದ್ರಗಳವರೂ ಬರಲಿ.

ಆ ಹುಡುಗ ಮುಂದಿನ ಭಾನುವಾರ ಬಂದ. ಏಜೆಂಟರನ್ನು ರಸೀದಿ ಕೇಳಿದನಂತೆ. ಅವರು ಫೋನೆತ್ತುವುದನ್ನೇ ನಿಲ್ಲಿಸಿದರಂತೆ. ಮನೆಪತ್ರ ಪೆಟ್ಟಿಗೆಯಲ್ಲಿಯೇ ಇದೆ. ಅವನು ಶಿವಮೊಗ್ಗದ ಅದೇ ಕಾಮಗಾರಿಯಲ್ಲಿ ಎಂ.ಬಿ. ಬರೆಯುತ್ತ, ರಾತ್ರಿ ಅಳತೆಯ ನಿಯಮಗಳನ್ನು ಓದುತ್ತಿದ್ದಾನೆ. ಇನ್ನೊಂದು ವರ್ಷದಲ್ಲಿ ಹೋಗುತ್ತೇನೆ ಎನ್ನುತ್ತಾನೆ. ಹೋಗಲಿ. ತಾಯಿಗೆ ಮಾತ್ರ ನಮ್ಮ ಮೇಲೆ ಸ್ವಲ್ಪ ಮುನಿಸಿದೆ, ಒಂದು ವರ್ಷದ ಸಂಬಳ ಹೋಯಿತಲ್ಲ ಎಂದು. ಅವರ ಲೆಕ್ಕವೂ ತಪ್ಪೆನ್ನಲಾರೆವು. ಆದರೆ ಗೋಪುರ ಕಟ್ಟುವವನು ಮೊದಲು ಕುಳಿತುಕೊಳ್ಳಬೇಕೆಂದು ಹೇಳಿದವರು ನಾವಲ್ಲ, ಪ್ರಭು ಯೇಸುವೇ. ಹಾಗೆ ಕುಳಿತ ಒಂದು ವರ್ಷ ವ್ಯರ್ಥವಾಗದೆಂದು ನಮ್ಮ ನಂಬಿಕೆ.